ಏನನ್ನೂ ಬೇಡದ ಹಸ್ತ

ನಮ್ಮ ಊರುಗಳ ನಾಮಫಲಕಗಳಲ್ಲಿ ‘ರೇಖಿ’ ಎಂದು ಮಹಾಪ್ರಾಣವಿಟ್ಟು ಬರೆದಿರುವುದನ್ನು ಕಂಡಾಗಲೆಲ್ಲ, ಇದು ಹಸ್ತರೇಖೆಯನ್ನು ನೋಡಿ ಭವಿಷ್ಯ ನುಡಿಯುವ ವಿದ್ಯೆಯಿರಬೇಕೆಂದು ಭ್ರಮಿಸಿ ಒಳಹೊಕ್ಕವರು ಎಷ್ಟು ಮಂದಿಯೋ ಎಂದು ನನಗೆ ನಗೆ ಬರುವುದುಂಟು. ಹಸ್ತಕ್ಕೂ ಈ ವಿದ್ಯೆಗೂ ಸಂಬಂಧವಿರುವುದೇನೋ ದಿಟ. ಆದರೆ ಇಲ್ಲಿ ಹಸ್ತವು ತನ್ನನ್ನು ಓದಿಸಿಕೊಳ್ಳುವುದಿಲ್ಲ, ಸುಮ್ಮನಿರುವುದನ್ನು ಕಲಿಯುತ್ತದೆ. ‘ರೇಕಿ’ ಎಂಬ ಈ ಪದವು ಜಪಾನೀಯರದು: ‘ರೇ’ ಎಂದರೆ ಆತ್ಮ, ಚೇತನ, ‘ಕಿ’ ಎಂದರೆ ಉಸಿರು, ಜೀವಶಕ್ತಿ. ನಮ್ಮ ‘ಪ್ರಾಣ’ವೆಂಬ ಶಬ್ದವೂ ಉಸಿರು ಜೀವಗಳೆರಡನ್ನೂ ಒಂದೇ ಒಡಲಲ್ಲಿ ಹೊತ್ತಿರುವುದರಿಂದ, ಈ ಮಾತು ಕನ್ನಡಿಗನ ಕಿವಿಗೆ ಹೊಸದಾದರೂ ಅದರ ಹಿಂದಿನ ಭಾವವು ಪರಕೀಯವಲ್ಲ.

ಕ್ಯೋಟೋ ನಗರದ ಉತ್ತರಕ್ಕೆ ಕುರಾಮಾ ಎಂಬ ಬೆಟ್ಟವಿದೆ. ದೇವದಾರುವನ್ನು ಹೋಲುವ ಮಹಾವೃಕ್ಷಗಳ ಬೇರುಗಳು ನೆಲದ ಮೇಲೆ ಹಾವುಗಳಂತೆ ಹೆಣೆದುಕೊಂಡಿರುವ ಆ ಬೆಟ್ಟದ ದೇಗುಲವನ್ನು ಕಾಯುವುವು, ಜಪಾನಿನ ದೇಗುಲಗಳಲ್ಲಿ ವಾಡಿಕೆಯಾಗಿರುವ ಸಿಂಹಗಳಲ್ಲ, ಹುಲಿಗಳು. ಏಕೆಂದರೆ ಅಲ್ಲಿ ನೆಲಸಿರುವ ಬಿಷಾಮೊನ್‌ತೆನ್ ಎಂಬ ದೇವತೆಗೆ ಹುಲಿಯೇ ದೂತ. ಆ ದೇವತೆಯಾದರೋ ಬೌದ್ಧರ ಕೈಹಿಡಿದು ಚೀನವನ್ನು ದಾಟಿಹೋದ ವೈಶ್ರವಣನೇ, ಅಂದರೆ ನಮ್ಮ ಕುಬೇರನೇ ಎಂದರೆ ಓದುಗರಿಗೆ ಆಶ್ಚರ್ಯವಾಗಬಹುದು. ಗಿಫು ಪ್ರಾಂತದ ಹಳ್ಳಿಯೊಂದರಲ್ಲಿ 1865ರಲ್ಲಿ ಜನಿಸಿದ ಮಿಕಾವೋ ಉಸುಯಿಯವರು, 1922ರಲ್ಲಿ ಈ ಬೆಟ್ಟದಲ್ಲಿ ಇಪ್ಪತ್ತೊಂದು ದಿನ ಉಪವಾಸವಿದ್ದು ಧ್ಯಾನಮಗ್ನರಾಗಿದ್ದಾಗ ಈ ವಿದ್ಯೆಯು ತಮಗೊಲಿಯಿತೆಂದು ನಂಬಿದರು. ಅದೇ ವರ್ಷ ಟೋಕಿಯೋದಲ್ಲಿ ಬೋಧನೆಯನ್ನಾರಂಭಿಸಿದರು, ಮರುವರ್ಷದ ಸೆಪ್ಟೆಂಬರ್ 1ರಂದು ಮಹಾಭೂಕಂಪವು ಆ ನಗರವನ್ನು ಧೂಳೀಪಟ ಮಾಡಿದಾಗ ಗಾಯಾಳುಗಳ ನಡುವೆ ಕೈಯಿಟ್ಟು ನಡೆದರು, 1926ರಲ್ಲಿ ತೀರಿಕೊಂಡರು. ಮರುವರ್ಷ ಸೈಹೋಜಿ ದೇವಾಲಯದ ಸಮಾಧಿಸ್ಥಳದಲ್ಲಿ ಶಿಷ್ಯರು ನೆಟ್ಟ ಶಿಲಾಶಾಸನವೇ ಈ ವೃತ್ತಾಂತಕ್ಕೆ ಮುಖ್ಯ ಆಧಾರ. ಶಿಷ್ಯರು ಬರೆಸಿದ ಶಾಸನದಲ್ಲಿ ಗುರುವಿನ ಗುಣಗಳು ಕಡಿಮೆಯಾಗುವುದಿಲ್ಲವೆಂಬುದನ್ನು, ಶಾಸನಗಳ ನಾಡಿನವರಾದ ನಮಗೆ ಯಾರೂ ಹೇಳಿಕೊಡಬೇಕಾದುದಿಲ್ಲ.

ಉಸುಯಿಯವರ ಶಿಷ್ಯರಾದ ಚುಜಿರೋ ಹಯಾಶಿ ನೌಕಾಪಡೆಯ ಅಧಿಕಾರಿಯಾಗಿದ್ದವರು. ಅವರ ಚಿಕಿತ್ಸಾಲಯಕ್ಕೆ 1935ರಲ್ಲಿ ರೋಗಿಯಾಗಿ ಬಂದ ಹವಾಯಿ ದ್ವೀಪಗಳ ಹವಾಯೋ ತಕಾತಾ ಎಂಬಾಕೆ ಈ ವಿದ್ಯೆಯನ್ನು ಸಮುದ್ರದಾಚೆಗೆ ಒಯ್ದರು. 1980ರಲ್ಲಿ ಆಕೆ ಗತಿಸುವ ಹೊತ್ತಿಗೆ ಇಪ್ಪತ್ತೆರಡು ಮಂದಿ ಗುರುಗಳನ್ನು ಸಿದ್ಧಪಡಿಸಿದ್ದರು. ಗುರುದೀಕ್ಷೆಗೆ ಆಕೆ ಕಟ್ಟಿದ ಬೆಲೆ 10,000 ಡಾಲರು. ಮೌನವಾಗಿರುವುದನ್ನು ಕಲಿಸಲು ಇಷ್ಟು ಹಣವೇ ಎಂದು ಮೂಗು ಮುರಿಯುವವರೊಡನೆ ನನಗೂ ಜಗಳವಿಲ್ಲ.

ಕ್ರಮವು ಸರಳ. ಮೊದಲು ಎದೆಯ ಮುಂದೆ ಅಂಜಲಿ. ಅದನ್ನು ಜಪಾನೀಯರು ‘ಗಾಶ್ಶೋ’ ಎನ್ನುವರು. ಬಳಿಕ ತಲೆ, ಎದೆ, ಹೊಟ್ಟೆ, ಬೆನ್ನುಗಳ ಮೇಲೆ ಅಂಗೈಗಳನ್ನು ಒತ್ತದೆ, ತಿಕ್ಕದೆ, ಒಂದೊಂದೆಡೆಯಲ್ಲಿ ಮೂರರಿಂದ ಐದು ನಿಮಿಷ ಇರಿಸುವುದು. ಉಸುಯಿಯವರು ವಿಧಿಸಿದ ಐದು ವ್ರತಗಳೂ, ಕೋಪವನ್ನೂ ಚಿಂತೆಯನ್ನೂ ಬಿಡುವುದೇ ಮೊದಲಾದುವು, ಕೇವಲ ಇಂದಿನ ದಿನದ ಮಟ್ಟಿಗೆ. ಜನ್ಮಪೂರ್ತಿ ಕೋಪಿಸಿಕೊಳ್ಳೆನೆಂದು ಶಪಥ ಮಾಡಿ ಸಂಜೆಯೊಳಗೆ ಮುರಿಯುವ ನಮ್ಮಂಥವರ ಸ್ವಭಾವವನ್ನು ಬಲ್ಲವರ ವಿಧಿಯಿದು.

ಅಂಗೈಯಿಂದ ಶಕ್ತಿಯೇನಾದರೂ ಹರಿಯುವುದೋ? ಅಂಥದೊಂದನ್ನು ಯಾವ ಯಂತ್ರವೂ ಇದುವರೆಗೆ ಅಳೆದಿಲ್ಲ. ರೇಕಿಯ ದಾಯಾದಿಯೆನ್ನಬಹುದಾದ ಮತ್ತೊಂದು ಹಸ್ತಚಿಕಿತ್ಸೆಯನ್ನು ಅಮೆರಿಕದ ಒಂಬತ್ತು ವರ್ಷದ ಬಾಲೆಯೊಬ್ಬಳು ಪರೀಕ್ಷಿಸಿದ ವೃತ್ತಾಂತವು 1998ರಲ್ಲಿ ಅಲ್ಲಿಯ ವೈದ್ಯಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು: ಇಪ್ಪತ್ತೊಂದು ಮಂದಿ ಚಿಕಿತ್ಸಕರು ತೆರೆಯ ಹಿಂದಿನಿಂದ ತಮ್ಮ ಕೈಗಳನ್ನು ಚಾಚಿ, ಬಾಲೆಯ ಕೈ ತಮ್ಮ ಎಡಗೈಯ ಬಳಿಯಿದೆಯೋ ಬಲಗೈಯ ಬಳಿಯಿದೆಯೋ ಎಂದು ಹೇಳಬೇಕಾಗಿತ್ತು, 280 ಬಾರಿಯಲ್ಲಿ ಸರಿಯಾದುದು 123. ನಾಣ್ಯ ಚಿಮ್ಮಿದ್ದರೆ ಇದಕ್ಕಿಂತ ಹೆಚ್ಚೇ ಗೆಲ್ಲಬಹುದಾಗಿತ್ತು. ಆದ್ದರಿಂದ ಶಕ್ತಿಯ ಮಾತನ್ನು ನಂಬಿಕೆಯ ಪಾಲಿಗೆ ಬಿಟ್ಟು, ಹಸ್ತದ ನಡವಳಿಕೆಯೊಂದನ್ನೇ ಆಸ್ವಾದಿಸುವ ಪಂಥಕ್ಕೆ ನಾನು ಸೇರಿದವನು.

ಆ ನಡವಳಿಕೆಯ ಮೊದಲ ಪಾಠ ನನಗಾದುದು ಗುರುಗಳ ಸನ್ನಿಧಿಯಲ್ಲಲ್ಲ, ಕೊಟ್ಟಿಗೆಯಲ್ಲಿ. ಪ್ರಥಮ ದೀಕ್ಷೆಯ ಹೊಸ ಹುರುಪಿನಲ್ಲಿ, ಚೊಚ್ಚಲ ಕರುವನ್ನು ಹಾಕಿ ಬೆದರಿಕೊಂಡಿದ್ದ ನೆರೆಮನೆಯ ಹಸುವನ್ನು ಸಂತೈಸುವೆನೆಂದು ಹೋಗಿ, ಅದರ ಎದುರಿಗೆ ನೆಟ್ಟಗೆ ನಿಂತು, ಕಣ್ಣಲ್ಲಿ ಕಣ್ಣಿಟ್ಟು, ಎರಡು ಅಂಗೈಗಳನ್ನೂ ಋಷಿಯಂತೆ ಅದರ ಹಣೆಯ ಮೇಲಕ್ಕೆ ಎತ್ತಿ ಹಿಡಿದೆ. ಕೊಂಬು ಬೀಸಿದ ರಭಸಕ್ಕೆ ನಾನು ಹಿಂದೆ ಸರಿದು ಕುಳಿತುದು ಕಲಗಚ್ಚಿನ ಬಾನಿಯಲ್ಲಿ. ಹಾಲು ಕರೆಯಲು ಬಂದ ಹೆಂಗಸು ನಗೆಯನ್ನು ಸೆರಗಿನಲ್ಲಿ ತಡೆದುಕೊಂಡು, “ಮೊದ್ಲು ನಿಮ್ ಕೈ ಮೂಸ್ಲಿ ಬಿಡಿ ಸ್ವಾಮಿ, ಅದು ಹೂಂ ಅಂದ್ಮೇಲೆ ತಾನೆ ನಾವು ಮುಟ್ಟೋದು?” ಎಂದಳು. ಆಮೇಲೆ ಓರೆಯಾಗಿ ನಿಂತು, ಎತ್ತಲೋ ನೋಡುತ್ತ, ಗಂಗೆದೊಗಲನ್ನು ಮೆಲ್ಲಮೆಲ್ಲನೆ ನೇವರಿಸತೊಡಗಿದಳು. ಅರೆಗಳಿಗೆಯಲ್ಲಿ ಹಸು ಕತ್ತನ್ನು ನೀಡಿ, ಕಿವಿಗಳನ್ನು ಜೋಲುಬಿಟ್ಟಿತು.

ಹಸುಗಳು ತಮ್ಮತಮ್ಮೊಳಗೆ ನೆಕ್ಕಿಕೊಳ್ಳುವ ಜಾಗಗಳಲ್ಲಿ ಕೊರಳೂ ಒಂದು. ವಿಯೆನ್ನಾದ ಪಶುವೈದ್ಯ ವಿಶ್ವವಿದ್ಯಾಲಯದ ಸಂಶೋಧಕರು ಹಸುವಿನ ಮೈಯ ಬೇರೆಬೇರೆ ಕಡೆ ನೇವರಿಸಿ ನೋಡಿ 2008ರಲ್ಲಿ ಬರೆದುದೂ ಇದನ್ನೇ: ಕೊರಳ ಅಡಿಯಲ್ಲಿ ನೇವರಿಸಿದಾಗ ಕತ್ತು ಚಾಚುವುದೂ ಕಿವಿ ಜೋಲುವುದೂ ಹೆಚ್ಚು. ನೇವರಿಸುವುದು ರೇಕಿಯಲ್ಲವೆಂಬುದನ್ನು ಬಲ್ಲೆ. ಆದರೆ ಅನುಮತಿಯಿಲ್ಲದೆ ಮುಟ್ಟದಿರುವುದು, ಅವಸರಿಸದಿರುವುದು, ಗುಣವಾಗಲೇಬೇಕೆಂಬ ಹಟವನ್ನೂ ಕೈಯಿಂದ ಇಳಿಸಿಬಿಡುವುದು ಎಂಬೀ ಮೂರು ಗುಣಗಳಿಲ್ಲದ ರೇಕಿಯೂ ರೇಕಿಯಲ್ಲ. ಮನುಷ್ಯನು ದಾಕ್ಷಿಣ್ಯಕ್ಕೆ ಕಣ್ಣು ಮುಚ್ಚಿ ಮಲಗಿ, “ಹಾಯೆನಿಸಿತು” ಎಂದು ಸುಳ್ಳನ್ನಾದರೂ ಹೇಳಿಯಾನು, ಪಶುವಿಗೆ ದಾಕ್ಷಿಣ್ಯವಿಲ್ಲ.

ಆದ್ದರಿಂದ ಅಭ್ಯಾಸಿಗಳಿಗೆ ನನ್ನ ಬಿನ್ನಹವಿಷ್ಟು: ನಾಯಿಯ ಬಳಿಯಾಗಲಿ ಬೆಕ್ಕಿನ ಬಳಿಯಾಗಲಿ ನೆಲದ ಮೇಲೆ ಓರೆಯಾಗಿ ಕುಳಿತು, ಕೈಗಳನ್ನು ನಿಮ್ಮ ತೊಡೆಯ ಮೇಲೆಯೇ ಇಟ್ಟುಕೊಳ್ಳಿರಿ, ಬಂದು ಒರಗಿದರೆ ಅಂಗೈ ತಾಗಲಿ, ಮುಖ ತಿರುಗಿಸಿದರೆ ಅಲ್ಲಿಗೇ ಬಿಡಿರಿ. ಮೇವು ಬಿಟ್ಟ ಹಸುವಿಗೆ, ಕುಂಟುವ ನಾಯಿಗೆ ಮೊದಲು ಪಶುವೈದ್ಯರು, ಆಮೇಲೆ ನಿಮ್ಮ ಹಸ್ತ. ಏಕೆಂದರೆ ಮೂಕಪ್ರಾಣಿಯ ವಿಷಯದಲ್ಲಿ, ಗುಣವಾಯಿತೆಂದು ಹಿಗ್ಗುವುದು ಬಹಳ ವೇಳೆ ರೋಗಿಯಲ್ಲ, ಅದರ ಒಡೆಯನ ಆಸೆ.

ಬಾನಿಯ ಪ್ರಸಂಗವಾಗಿ ತಿಂಗಳು ಕಳೆದ ಮೇಲೆ ಅದೇ ಕೊಟ್ಟಿಗೆಯ ಹೊಸ್ತಿಲಲ್ಲಿ ಒಂದು ಸಂಜೆ ಸುಮ್ಮನೆ ಕುಳಿತಿದ್ದೆ. ಹಸು ತಾನಾಗಿ ಹತ್ತಿರ ಬಂದು, ಬಿಸಿಯುಸಿರನ್ನು ನನ್ನ ಅಂಗೈಗೆ ಸುರಿದು, ಮೂಸಿ, ಒಂದು ನಿಮಿಷವೂ ನಿಲ್ಲದೆ ಹುಲ್ಲಿನ ಕಡೆಗೆ ತಿರುಗಿ ಹೋಯಿತು. ಮುಟ್ಟಲು ಆಗಲಿಲ್ಲವೆಂದು ಅಂದು ನನಗೆ ಬೇಸರವೆನಿಸಲಿಲ್ಲ.