ಧರ್ಮಸಭೆ ಎತ್ತಿಕೊಂಡ ಮಾತು, ಕೈಬಿಟ್ಟ ಮಾತು

ಕವಲೇದುರ್ಗವನ್ನು ಗಟ್ಟಿ ಕೋಟೆಯಾಗಿ ಕಟ್ಟಿದ ಕೆಳದಿಯ ವೆಂಕಟಪ್ಪ ನಾಯಕ ಅದರೊಳಗೆ ಅರಮನೆ, ಕಣಜ, ಆನೆ–ಕುದುರೆಗಳ ಲಾಯಗಳ ಜೊತೆಗೆ ಮಹತ್ತಿನ ಮಠವನ್ನೂ ನೆಲೆಗೊಳಿಸಿದ, ಶೃಂಗೇರಿ ಮಠಕ್ಕೂ ಜಾಗ ಕೊಟ್ಟ. ಮೊದಲನೆಯದು ಅವನದೇ ವೀರಶೈವ ಪರಂಪರೆಯದು, ಎರಡನೆಯದು ಅದ್ವೈತಿಗಳದು. ಜೀವ, ಜಗತ್ತು, ಶಿವ ಎಂಬ ಮೂರರ ಸಂಬಂಧವನ್ನು ಈ ಎರಡು ಮಠಗಳು ಒಂದೇ ಬಗೆಯಲ್ಲಿ ಹೇಳುವುದಿಲ್ಲ. ಆದರೂ ಒಂದೇ ಕೋಟೆಗೋಡೆ ಎರಡನ್ನೂ ಕಾಯಿತು. ಇನ್ನೂ ಕುತೂಹಲದ ಸಂಗತಿಯಿದೆ. ‘ಸಿದ್ಧಾಂತಕೌಮುದಿ’ಯ ಭಟ್ಟೋಜಿ ದೀಕ್ಷಿತ ದ್ವೈತಮತವನ್ನು ಖಂಡಿಸುವ ‘ತತ್ತ್ವಕೌಸ್ತುಭ’ವನ್ನು ಬರೆದದ್ದು ಈ ವೆಂಕಟಪ್ಪನ ಪ್ರೇರಣೆಯಿಂದ. ಭಟ್ಟೋಜಿಯ ಸೋದರ ರಂಗೋಜಿ ಭಟ್ಟ ಕೆಳದಿಯ ಆಸ್ಥಾನದಲ್ಲಿ ಮಾಧ್ವ ಯತಿಯೊಬ್ಬರೊಡನೆ ವಾದಿಸಿ ಗೆದ್ದನೆಂದು ಅವನ ಮಗ ಕೊಂಡಭಟ್ಟ ಬರೆದುಕೊಂಡಿದ್ದಾನೆ. ಗೆದ್ದವರ ಮನೆಯ ಬರಹವಾದ್ದರಿಂದ ಅದನ್ನು ಎಚ್ಚರದಿಂದಲೇ ಓದಬೇಕು. ಆದರೆ ಗೆಲುವು ಯಾರದೇ ಆಗಿರಲಿ, ಅದರ ಮಾರನೆಯ ದಿನ ಏನಾಯಿತು ಎಂಬುದು ಮುಖ್ಯ. ಉಡುಪಿಯ ಮಠಗಳಿದ್ದದ್ದು ಇದೇ ರಾಜ್ಯದೊಳಗೆ. ಅವುಗಳ ಬಾಗಿಲು ಮುಚ್ಚಲಿಲ್ಲ. ಅರಸ ವಾದ ಕೇಳಿದ, ಗ್ರಂಥ ಬರೆಸಿದ. ಸೋತವರ ಸಿದ್ಧಾಂತವನ್ನು ಅಪರಾಧವೆಂದು ಸಾರಲಿಲ್ಲ.

ಕ್ರೈಸ್ತಧರ್ಮದ ಮೊದಲ ಶತಮಾನಗಳ ಚಿಂತಕರನ್ನು ಓದುವಾಗ ಈ ಆಸ್ಥಾನವನ್ನು ಬದಿಯಲ್ಲಿಟ್ಟುಕೊಂಡು ಓದಬೇಕೆಂದು ನನಗೆ ಅನಿಸುತ್ತದೆ. ಅವರ ಬಗ್ಗೆ ನಮ್ಮಲ್ಲಿ ಎರಡು ಬಗೆಯ ಬರಹ ಸಿಗುತ್ತದೆ. ಭಕ್ತಿಯಿಂದ ಬರೆಯುವವರು ಅವರನ್ನು ಸಂತರ ಸಾಲಿನಲ್ಲಿ ಕೂರಿಸಿ, ಅವರು ಹೇಳಿದ್ದೆಲ್ಲ ಸಹಜವಾಗಿ ಧರ್ಮಸಭೆಯ ಬೋಧನೆಯಾಯಿತು ಎನ್ನುತ್ತಾರೆ. ಸಂಶಯದಿಂದ ಬರೆಯುವವರು ಚಕ್ರವರ್ತಿ ಹೇಳಿಸಿದ್ದನ್ನೇ ಅವರು ಹೇಳಿದರು ಎನ್ನುತ್ತಾರೆ. ಎರಡೂ ಅರ್ಧ ಸತ್ಯ. ಅವರು ದೊಡ್ಡ ಚಿಂತಕರೇ. ಆದರೆ ಅವರ ಯಾವ ಮಾತು ಸಿದ್ಧಾಂತವಾಯಿತು, ಯಾವುದು ಹಾಳೆಯಲ್ಲೇ ಉಳಿಯಿತು ಎಂಬುದನ್ನು ಆ ಮಾತಿನ ಆಳವೊಂದೇ ನಿರ್ಧರಿಸಲಿಲ್ಲ. ಅದನ್ನು ಎತ್ತಿಕೊಂಡವರು ಯಾರು, ಅವರಿಗೆ ಅದು ಯಾಕೆ ಬೇಕಿತ್ತು ಎಂಬುದೂ ನಿರ್ಧರಿಸಿತು.

ಎಲ್ಲರಿಗೂ ತಿಳಿದ ಕಥೆ ನೈಸಿಯಾದ್ದು. ಕ್ರಿ.ಶ. 325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೀನ್ ಬಿಷಪರ ಮಹಾಸಭೆಯನ್ನು ಕರೆದ. ದೇವಪುತ್ರನೂ ಸೃಷ್ಟಿಯಾದವನೇ ಎಂದು ಕಲಿಸುತ್ತಿದ್ದ ಅಲೆಕ್ಸಾಂಡ್ರಿಯಾದ ಪಾದ್ರಿ ಅರಿಯಸ್ ಸೋತು ಗಡೀಪಾರಾದ. ತಂದೆಯೂ ಪುತ್ರನೂ ಒಂದೇ ಸತ್ತ್ವದವರು ಎಂಬ ನಿರ್ಣಯದ ಪರವಾಗಿ ಬದುಕೆಲ್ಲ ಹೋರಾಡಿದವನು ಅಥನಾಸಿಯಸ್. ಅವನು ಐದು ಸಲ ಗಡೀಪಾರಾಗಿ ಒಟ್ಟು ಸುಮಾರು 17 ವರ್ಷ ಊರ ಹೊರಗೆ ಕಳೆದ. ಅವನನ್ನು ಮೊದಲು ಅಟ್ಟಿದವನು ಅದೇ ಕಾನ್‌ಸ್ಟಂಟೀನ್. ಮೊದಲು ಅರಿಯಸ್‌ನನ್ನು, ಹತ್ತು ವರ್ಷದ ಮೇಲೆ ಅರಿಯಸ್‌ನ ಎದುರಾಳಿಯನ್ನು! ಅರಸನಿಗೆ ಬೇಕಿದ್ದದ್ದು ರಾಜ್ಯದಲ್ಲಿ ಒಗ್ಗಟ್ಟು. ಯಾವ ಪಕ್ಷ ಗೆದ್ದರೆ ಅದು ಸಿಗುತ್ತದೆ ಎಂಬ ಲೆಕ್ಕ ಬದಲಾಗುತ್ತಲೇ ಇತ್ತು. ತಂದೆ, ಪುತ್ರ, ಪವಿತ್ರಾತ್ಮ ಮೂವರೂ ಒಂದೇ ದೇವರು ಎಂಬ ತ್ರಯೈಕ್ಯದ ತತ್ತ್ವ ಕೊನೆಗೆ ನಿಂತದ್ದು ಬೆಸಿಲ್, ನಾಜಿಯಾನ್ಜಸ್‌ನ ಗ್ರೆಗೊರಿ, ನೈಸಾದ ಗ್ರೆಗೊರಿ ಎಂಬ ಮೂವರ ತಾಳ್ಮೆಯ ಚಿಂತನೆಯಿಂದ. ಅದು 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯಲ್ಲಿ ಗಟ್ಟಿಯಾಯಿತು. ಇಂದಿಗೂ ವಿಶ್ವಾಸ ಸಂಗ್ರಹವಾಗಿ ಪಠಿಸುವುದು ಅದನ್ನೇ. ಅದರ ತಾತ್ತ್ವಿಕ ಸೌಂದರ್ಯವನ್ನು ಒಪ್ಪುತ್ತೇನೆ. ಆದರೆ ವೆಂಕಟಪ್ಪನ ಆಸ್ಥಾನವನ್ನು ಕಂಡವರಿಗೆ ನೈಸಿಯಾದ ಕೊರತೆಯೂ ಕಾಣುತ್ತದೆ. ವಾದದಲ್ಲಿ ಸೋತವನು ಮನೆಗೆ ಮರಳಿ ತನ್ನ ಶಿಷ್ಯರಿಗೆ ಪಾಠ ಹೇಳುವ ಅವಕಾಶ ಅಲ್ಲಿ ಇರಲಿಲ್ಲ.

ನನ್ನ ಆಸಕ್ತಿ ಹೆಚ್ಚು ನಿಲ್ಲುವುದು ಅಗಸ್ಟೀನರ ಬಳಿ. ಅವರ ಮಾತು ಕೆಳದಿ ರಾಜ್ಯದ ಕ್ರೈಸ್ತರ ಮನೆಬಾಗಿಲಿಗೇ ಬಂತು.

ಉತ್ತರ ಆಫ್ರಿಕಾದಲ್ಲಿ, ಚಕ್ರವರ್ತಿ ಡಯೊಕ್ಲೀಷಿಯನ್ ಕೊಟ್ಟ ಕಿರುಕುಳದ ಕಾಲದಲ್ಲಿ, ಕೆಲವು ಬಿಷಪರು ಹೆದರಿ ಪವಿತ್ರಗ್ರಂಥಗಳನ್ನು ಅಧಿಕಾರಿಗಳಿಗೆ ಒಪ್ಪಿಸಿದ್ದರು. ಹಾಗೆ ಜಾರಿದವರ ಕೈಯಿಂದ ಪಡೆದ ಸಂಸ್ಕಾರ ಸಲ್ಲದು ಎಂದು ಡೊನಾಟಸ್‌ನ ಪಂಥದವರು ಪ್ರತ್ಯೇಕವಾದರು. ಅವರ ಹಿಂದೆ ದೊಡ್ಡ ಹೆಸರೇ ಇತ್ತು: 258ರಲ್ಲಿ ಹುತಾತ್ಮನಾದ ಕಾರ್ಥೇಜಿನ ಸಿಪ್ರಿಯನ್, ಧರ್ಮಸಭೆಯ ಹೊರಗೆ ಕೊಟ್ಟ ಜ್ಞಾನಸ್ನಾನ ಜ್ಞಾನಸ್ನಾನವೇ ಅಲ್ಲ ಎಂದಿದ್ದ. ಹಿಪ್ಪೋದ ಬಿಷಪರಾಗಿ 430ರವರೆಗೆ ಬದುಕಿದ ಅಗಸ್ಟೀನರು ಸಿಪ್ರಿಯನ್‌ನನ್ನು ಗೌರವಿಸುತ್ತಲೇ ಅವನ ಮಾತನ್ನು ಒಪ್ಪಲಿಲ್ಲ. ಸಂಸ್ಕಾರ ಕೊಡುವವನು ಪಾದ್ರಿಯಲ್ಲ, ಕ್ರಿಸ್ತನೇ. ಪಾದ್ರಿಯ ನಡತೆ ಹೊಲಸಾಗಿದ್ದರೂ ಪಡೆದವನಿಗೆ ಅದು ಮೈಲಿಗೆಯಾಗದು ಎಂದರು. ಇದಕ್ಕಿಂತ ಸಾಮಾನ್ಯ ಜನರ ಪರವಾದ ನಿರ್ಣಯವನ್ನು ಆ ಕಾಲದ ದೇವಶಾಸ್ತ್ರದಲ್ಲಿ ನಾನು ಕಂಡಿಲ್ಲ. ಮಗುವಿಗೆ ಜ್ಞಾನಸ್ನಾನ ಮಾಡಿಸಿದ ತಾಯಿ ಪಾದ್ರಿಯ ಪೂರ್ವಚರಿತ್ರೆಯನ್ನು ವಿಚಾರಿಸುತ್ತ ಕೂರಬೇಕಾಗಿಲ್ಲ. ಶುದ್ಧಿಯ ಹೊರೆಯನ್ನು ಭಕ್ತರ ತಲೆಯಿಂದ ಇಳಿಸಿದ ಮಾತಿದು.

ಈಗ ಘಟ್ಟದ ಕೆಳಗೆ ಬರೋಣ. ಶಿವಪ್ಪ ನಾಯಕ 1650ರ ದಶಕದಲ್ಲಿ ಪೋರ್ಚುಗೀಸರನ್ನು ಹೊನ್ನಾವರ, ಬಸರೂರು, ಮಂಗಳೂರಿನ ಕೋಟೆಗಳಿಂದ ಹೊರಹಾಕಿದ. ಆದರೆ ಗೋವೆಗೆ ಕನ್ನಡ ಕರಾವಳಿಯ ಅಕ್ಕಿ ಬೇಕಿತ್ತು, ಕೆಳದಿಗೆ ಕಡಲ ವ್ಯಾಪಾರ ಬೇಕಿತ್ತು. 1671ರಲ್ಲಿ ಒಂದು, 1678ರಲ್ಲಿ ಇನ್ನೊಂದು ಒಪ್ಪಂದವಾಯಿತು. ಎರಡನೆಯದು ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯದು. ಮಿರ್ಜಾನ್, ಚಂದಾವರ, ಹೊನ್ನಾವರ, ಭಟ್ಕಳದಂಥ ಕಡೆಗಳಲ್ಲಿ ಇಗರ್ಜಿ ಕಟ್ಟಲು ಅದರಲ್ಲಿ ಅನುಮತಿಯಿತ್ತು. ಗೋವೆಯ ಇನ್‌ಕ್ವಿಸಿಷನ್, ಬರಗಾಲ, ಯುದ್ಧಗಳಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕ್ರೈಸ್ತರು ಈ ರಾಜ್ಯದಲ್ಲಿ ಬೇಸಾಯಕ್ಕೆ ನಿಂತಿದ್ದರು. ಅರಸರಿಂದ ಅವರ ಧರ್ಮಕ್ಕೆ ತೊಂದರೆ ಇರಲಿಲ್ಲ. ತೊಂದರೆ ಬಂದದ್ದು ಸ್ವಂತ ಧರ್ಮಸಭೆಯಿಂದ.

ಪೂರ್ವದೇಶಗಳ ಬಿಷಪರನ್ನು ಹೆಸರಿಸುವ ಹಕ್ಕು ಪೋರ್ಚುಗಲ್ಲಿನ ದೊರೆಯದು ಎಂದು ಗೋವೆಯವರು ಹಿಡಿದಿದ್ದರು. ಇದಕ್ಕೆ ಪದ್ರೊವಾದೊ ಎಂದು ಹೆಸರು. ಧರ್ಮಪ್ರಚಾರಕ್ಕೆಂದು ರೋಮಿನಲ್ಲಿ 1622ರಲ್ಲಿ ಆರಂಭವಾದ ಪ್ರೊಪಗಾಂಡಾ ಮಂಡಳಿ ಆ ಹಕ್ಕನ್ನು ಬದಿಗೆ ಸರಿಸಿ ತನ್ನವರನ್ನು ಕಳಿಸತೊಡಗಿತು. ಕೆನರಾಕ್ಕೆ, ಅಂದರೆ ಈ ಕರಾವಳಿ ಸೀಮೆಗೆ, ಪೋಪರ ನೇಮಕದೊಂದಿಗೆ ಬಂದ ಬಿಷಪ್ ತೋಮಸ್ ದೆ ಕಾಸ್ತ್ರೊ ಗೋವೆಯ ಮೂಲದವರೇ ಆಗಿದ್ದರೂ ಗೋವೆ ಅವರನ್ನು ಒಪ್ಪಲಿಲ್ಲ. ಒಬ್ಬರ ಅಧಿಕಾರ ಇನ್ನೊಬ್ಬರಿಗೆ ಅಮಾನ್ಯ. ನಡುವೆ ಸಿಕ್ಕಿಬಿದ್ದವರು ಜನ: ನಾವು ಮಾಡಿದ ಪಾಪನಿವೇದನೆ ಸಂದಿತೇ, ನಮ್ಮ ಮದುವೆ ಮದುವೆಯೇ? 1681ರಲ್ಲಿ ಗೋವೆಯ ಪರವಾಗಿ ಕೆನರಾಕ್ಕೆ ಬಂದ ಪಾದ್ರಿ ಜೋಸೆಫ್ ವಾಜ್ ಈ ಗೋಜಲಿನೊಳಗೆ ಕಾಲಿಟ್ಟರು.

ಇಲ್ಲಿ ಅಗಸ್ಟೀನರ ಮಾತು ಎಷ್ಟು ದೂರ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೋಡಬೇಕು. ಜ್ಞಾನಸ್ನಾನದ ಮಟ್ಟಿಗೆ ಅದು ಜನರನ್ನು ಕಾಪಾಡಿತು: ಯಾವ ಪಕ್ಷದ ಪಾದ್ರಿ ಕೊಟ್ಟಿದ್ದರೂ ಅದನ್ನು ಮತ್ತೆ ಮಾಡುವಂತಿರಲಿಲ್ಲ. ಪಾಪನಿವೇದನೆ ಮತ್ತು ಮದುವೆಯ ಮಟ್ಟಿಗೆ ಕಾಪಾಡಲಿಲ್ಲ. ಪಾದ್ರಿಗೆ ಯೋಗ್ಯತೆ ಬೇಡವೆಂದು ಅಗಸ್ಟೀನರು ಹೇಳಿದ್ದರೂ, ಅಧಿಕಾರವ್ಯಾಪ್ತಿ ಬೇಕೆಂದು ನಂತರದ ಕಾನೂನು ಹೇಳಿತ್ತು. ಸ್ವಂತ ಧರ್ಮಕೇಂದ್ರದ ಪಾದ್ರಿಯ ಅಥವಾ ಅವರ ಅನುಮತಿ ಪಡೆದ ಪಾದ್ರಿಯ ಎದುರು ಆಗದ ಮದುವೆ ಮದುವೆಯಲ್ಲ ಎಂದು ಟ್ರೆಂಟ್ ಮಹಾಸಭೆ 1563ರಲ್ಲಿ ತೀರ್ಮಾನಿಸಿತ್ತು. ಮುಂದಿನ ಬಾಗಿಲಿನಿಂದ ಆಚೆ ಹೋದ ಡೊನಾಟಸ್‌ನ ಭೂತ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಂತಾಯಿತು. ವಾಜ್ ಮಾಡಿದ ಕೆಲಸವನ್ನು ನಾನು ಮೆಚ್ಚುವುದು ಈ ಕಾರಣಕ್ಕೆ. ಅವರು ಹೊಸ ಸಿದ್ಧಾಂತ ಕಟ್ಟಲಿಲ್ಲ. ದೆ ಕಾಸ್ತ್ರೊ ಅವರೊಡನೆ ಮುಖಾಮುಖಿ ಮಾತಾಡಿ, ರೋಮಿನ ಸ್ಪಷ್ಟ ಮಾತು ಬರುವವರೆಗೆ ಒಂದು ಹೊಂದಾಣಿಕೆಗೆ ಬಂದು, ಊರೂರು ನಡೆದು ಸಂಸ್ಕಾರ ಕೊಟ್ಟರು. 1684ರಲ್ಲಿ ಗೋವೆಗೆ ಮರಳಿ, ಆಮೇಲೆ ಸಿಂಹಳಕ್ಕೆ ಹೋಗಿ 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡರು. 2015ರಲ್ಲಿ ಸಂತರೆಂದು ಘೋಷಿತರಾದರು. ಸಂತಪದವಿಗೆ ಆಧಾರವಾದದ್ದು ಸಿಂಹಳದ ಸೇವೆಯೇ ಇರಬಹುದು. ಆದರೆ ಕೆನರಾದ ಆ ಮೂರು ವರ್ಷಗಳಲ್ಲಿ ಅವರು ಅಗಸ್ಟೀನರ ಮಾತಿನ ತಿರುಳನ್ನು, ಅಂದರೆ ಮೇಲಿನವರ ಜಗಳದ ದಂಡವನ್ನು ಭಕ್ತರು ತೆರಬಾರದು ಎಂಬುದನ್ನು, ನಡೆದು ತೋರಿಸಿದರು.

ಅಗಸ್ಟೀನರ ಇನ್ನೊಂದು ಮುಖವನ್ನು ಮುಚ್ಚಿಡುವಂತಿಲ್ಲ. ನಂಬಿಕೆಯನ್ನು ಬಲವಂತದಿಂದ ಹೇರಬಾರದು ಎಂದೇ ಅವರು ಮೊದಲು ನಂಬಿದ್ದರು. ಚಕ್ರವರ್ತಿಯ ಕಾನೂನಿಗೆ ಹೆದರಿ ಡೊನಾಟಸ್‌ನ ಪಂಥದವರು ಹಿಂತಿರುಗಿದ್ದನ್ನು ಕಂಡು ಮನಸ್ಸು ಬದಲಾಯಿಸಿದರು. ಲೂಕನ ಸುವಾರ್ತೆಯಲ್ಲಿ ಔತಣಕ್ಕೆ ಜನರನ್ನು ಒತ್ತಾಯಮಾಡಿ ಕರೆತರುವ ಸಾಮತಿಯೊಂದಿದೆ. 408 ಮತ್ತು 417ರ ಸುಮಾರಿಗೆ ಬರೆದ ಎರಡು ಪತ್ರಗಳಲ್ಲಿ ಅದನ್ನು ಅವರು ರಾಜದಂಡದ ಸಮರ್ಥನೆಯಾಗಿ ಓದಿದರು. ಔತಣದ ಕಥೆಯನ್ನು ದಂಡದ ಕಥೆ ಮಾಡಿದ ಈ ಓದು ನನ್ನ ಮಟ್ಟಿಗೆ ಅವರ ಬರಹಗಳಲ್ಲೆಲ್ಲ ಅತ್ಯಂತ ಕೆಟ್ಟ ಓದು. ಮುಂದಿನ ಶತಮಾನಗಳ ದಂಡಾಧಿಕಾರಿಗಳಿಗೆ ಬೇಕಾದದ್ದು ಅದೇ. ಗೋವೆಯಲ್ಲಿ 1560ರಿಂದ 1812ರವರೆಗೆ ನಡೆದ ಇನ್‌ಕ್ವಿಸಿಷನ್ ಆ ಓದಿನ ದೂರದ ಸಂತಾನ. ಕೇರಳದ ಉದಯಂಪೇರೂರಿನಲ್ಲಿ 1599ರಲ್ಲಿ ಗೋವೆಯ ಆರ್ಚ್‌ಬಿಷಪ್ ಮೆನೆಜೆಸ್ ಕರೆದ ಸಭೆ ತೋಮಾ ಕ್ರೈಸ್ತರ ಸಿರಿಯಾಕ್ ಗ್ರಂಥಗಳನ್ನು ನೆಸ್ಟೋರಿಯಸ್‌ನ ಪಾಷಂಡವೆಂದು ಖಂಡಿಸಿತು. ಎಷ್ಟೋ ಹಸ್ತಪ್ರತಿಗಳು ಬೆಂಕಿಗೆ ಹೋದವು. 431ರಲ್ಲಿ ಎಫೆಸಸ್‌ನಲ್ಲಿ ಅಲೆಕ್ಸಾಂಡ್ರಿಯಾದ ಸಿರಿಲ್ ಆ ನೆಸ್ಟೋರಿಯಸ್‌ನ ಎದುರು ಗೆದ್ದ ವಾದಕ್ಕೆ ಸುಮಾರು 1,170 ವರ್ಷಗಳ ಮೇಲೆ ಮಲಯಾಳದ ಪುಸ್ತಕಗಳು ಸುಟ್ಟವು. ಅದೇ ಕಾಲದಲ್ಲಿ, ಘಟ್ಟದ ಈ ಬದಿಯಲ್ಲಿ, ವೆಂಕಟಪ್ಪ ಆಳುತ್ತಿದ್ದ.

ಕೆಳದಿಯನ್ನು ಹೊಗಳಿ ಮುಗಿಸಿಬಿಡಲು ನನಗೆ ಮನಸ್ಸಿಲ್ಲ. ಆ ಔದಾರ್ಯಕ್ಕೂ ಒಂದು ಎಲ್ಲೆಯಿತ್ತು, ಅದು ಗದ್ದೆಯ ಬದುವಿನಲ್ಲಿತ್ತು. ಕೆಳದಿಯವರು ಆಳಿದ ಇದೇ ನಗರ ಸೀಮೆಯ ಮಲೆನಾಡಿನಲ್ಲಿ ಹುಟ್ಟಾಳು, ಮಣ್ಣಾಳು ಎಂಬ ಎರಡು ಬಗೆಯ ಆಳುಗಳಿದ್ದುದನ್ನು ಹತ್ತೊಂಬತ್ತನೆಯ ಶತಮಾನದ ಗ್ಯಾಸೆಟಿಯರ್ ದಾಖಲಿಸಿದೆ. ಒಬ್ಬ ಒಡೆಯನ ಮನೆಗೆ ಹುಟ್ಟಿನಿಂದಲೇ ಕಟ್ಟುಬಿದ್ದವನು. ಇನ್ನೊಬ್ಬ ಭೂಮಿಯೊಡನೆ ಕೈಬದಲಾಗುವವನು. ಹುಟ್ಟಿನ ಮೇಲುಕೀಳನ್ನು ಶರಣರು ನಿರಾಕರಿಸಿ ಆಗಲೇ ಎಷ್ಟೋ ಶತಮಾನಗಳಾಗಿದ್ದವು. ಆ ಪರಂಪರೆಯ ಮಠಕ್ಕೆ ಕೋಟೆಯೊಳಗೆ ಗೌರವವಿತ್ತು. ಕೋಟೆಯ ಕೆಳಗಿನ ಗದ್ದೆಗೆ ಆ ಮಾತು ಇಳಿಯಲಿಲ್ಲ.

ಕ್ರೈಸ್ತ ಚಿಂತಕರಲ್ಲೂ ಇದೇ ಆಯಿತು. ನೈಸಾದ ಗ್ರೆಗೊರಿ 380ರ ಆಸುಪಾಸಿನಲ್ಲಿ ‘ಪ್ರಸಂಗಿ’ ಗ್ರಂಥದ ಮೇಲೆ ಪ್ರವಚನ ಮಾಡುತ್ತ, ದಾಸದಾಸಿಯರನ್ನು ಕೊಂಡುಕೊಂಡೆ ಎಂದು ಅರಸ ಹೇಳಿಕೊಳ್ಳುವ ಸಾಲಿಗೆ ಬಂದು ನಿಂತ. ಅವನ ಹಿಂದಿನವರಲ್ಲಿ ಹೆಚ್ಚಿನವರು ಗುಲಾಮರನ್ನು ದಯೆಯಿಂದ ನೋಡಿಕೊಳ್ಳಿ ಎಂದಷ್ಟೇ ಹೇಳಿದ್ದರು. ಗ್ರೆಗೊರಿ ಒಡೆತನದ ಬುಡಕ್ಕೇ ಕೈಹಾಕಿದ: ದೇವರ ಪ್ರತಿರೂಪವಾದ ಮನುಷ್ಯನಿಗೆ ಬೆಲೆ ಕಟ್ಟುವವರು ಯಾರು, ಕೊಟ್ಟ ಹಣ ಯಾವುದಕ್ಕೆ ಸಮ, ಕ್ರಯಪತ್ರ ಬರೆದರೆ ಮನುಷ್ಯ ವಸ್ತುವಾಗುತ್ತಾನೆಯೇ ಎಂದು ಕೇಳಿದ. ಪ್ರಾಚೀನ ಜಗತ್ತಿನಿಂದ ನಮಗೆ ಉಳಿದಿರುವ ಬರಹಗಳಲ್ಲಿ ಗುಲಾಮಗಿರಿಯ ಮೇಲೆ ಇಷ್ಟು ನೇರವಾದ ದಾಳಿ ಇನ್ನೊಂದಿಲ್ಲ. ತ್ರಯೈಕ್ಯದ ಬಗ್ಗೆ ಇದೇ ಗ್ರೆಗೊರಿ ಹೇಳಿದ್ದು ಸಿದ್ಧಾಂತವಾಯಿತು. ಈ ಪ್ರವಚನ ಯಾವ ಮಹಾಸಭೆಯ ನಿರ್ಣಯವೂ ಆಗಲಿಲ್ಲ. ಧರ್ಮಸಭೆ ಎತ್ತಿಕೊಂಡದ್ದು ಅಗಸ್ಟೀನರ ಮಾತನ್ನು: ಗುಲಾಮಗಿರಿ ಸಹಜವಲ್ಲ, ಆದರೆ ಪಾಪದ ಫಲವಾಗಿ ಬಂದದ್ದು, ತಾಳಿಕೊಳ್ಳಬೇಕಾದದ್ದು. ಒಡೆಯರಿಗೆ ಇದಕ್ಕಿಂತ ಅನುಕೂಲವಾದ ದೇವಶಾಸ್ತ್ರ ಬೇಕೇ?

1455ರಲ್ಲಿ ಪೋಪ್ ಐದನೆಯ ನಿಕೊಲಸ್ ಪೋರ್ಚುಗಲ್ಲಿಗೆ ಕೊಟ್ಟ ಶಾಸನಪತ್ರದಲ್ಲಿ ಅನ್ಯಧರ್ಮೀಯರನ್ನು ಸೆರೆಹಿಡಿದು ಗುಲಾಮರನ್ನಾಗಿ ಮಾಡುವ ಅನುಮತಿಯಿದೆ. ಕೆನರಾದಲ್ಲಿ ಜನರ ಮದುವೆ–ಪಾಪನಿವೇದನೆಗಳನ್ನು ಅತಂತ್ರ ಮಾಡಿದ ಪದ್ರೊವಾದೊ ಹಕ್ಕಿನ ಬೇರುಗಳಲ್ಲಿ ಒಂದು ಅದೇ ಪತ್ರ. ಗ್ರೆಗೊರಿಯನ್ನು ಸಂತನೆಂದು ಪೂಜಿಸುತ್ತಲೇ ಆ ಪತ್ರಕ್ಕೆ ಮುದ್ರೆ ಒತ್ತಲಾಯಿತು. ಗುಲಾಮಗಿರಿಯನ್ನು ಕೊನೆಗಾಣಿಸಬೇಕೆಂದು ಪೋಪ್ ಹದಿಮೂರನೆಯ ಲಿಯೊ ಬ್ರೆಜಿಲ್ಲಿನ ಬಿಷಪರಿಗೆ ಪತ್ರ ಬರೆದದ್ದು 1888ರಲ್ಲಿ, ಗ್ರೆಗೊರಿಯ ಪ್ರವಚನವಾಗಿ 1,500 ವರ್ಷಗಳ ಮೇಲೆ. ಈ ವಿಳಂಬವನ್ನು ಬದಿಗಿಟ್ಟು ಆದಿ ಚಿಂತಕರ ಪ್ರಭಾವದ ಬಗ್ಗೆ ಬರೆದದ್ದು ಎಷ್ಟೇ ಪಾಂಡಿತ್ಯದ ಬರಹವಾದರೂ ನನಗೆ ಅಪೂರ್ಣವಾಗಿಯೇ ಕಾಣುತ್ತದೆ.

ನಮ್ಮಲ್ಲಿ ಜೀತವನ್ನು ಕಾನೂನು ರದ್ದುಮಾಡಿದ್ದು 1976ರಲ್ಲಿ. ಸಾಗರ, ಹೊಸನಗರ, ತೀರ್ಥಹಳ್ಳಿಯ ಇಗರ್ಜಿಗಳಲ್ಲಿ ಭಾನುವಾರ ಸೇರುವವರಲ್ಲಿ ತೋಟದ ಒಡೆಯರೂ ಇದ್ದಾರೆ, ತೋಟದ ಕೂಲಿಗೆಂದು ಘಟ್ಟ ಹತ್ತಿ ಬಂದವರ ಮಕ್ಕಳೂ ಇದ್ದಾರೆ. ಗ್ರೆಗೊರಿ ರೂಪಿಸಿಕೊಟ್ಟ ತ್ರಯೈಕ್ಯದ ನಂಬಿಕೆಯನ್ನು ಅವರು ಒಟ್ಟಿಗೆ ಪಠಿಸುತ್ತಾರೆ. ಗುಲಾಮಗಿರಿಯ ಮೇಲಿನ ಅವನ ಆ ಪ್ರವಚನವನ್ನೂ ತಪಸ್ಸು ಕಾಲದ ಒಂದು ಭಾನುವಾರ ಅದೇ ಪೀಠದಿಂದ ಕನ್ನಡದಲ್ಲಿ ಪೂರ್ತಿ ಓದಬೇಕು. ಮಹತ್ತಿನ ಮಠದಲ್ಲೂ ಓದಲಿ. ಅದು ಅಲ್ಲಿಗೂ ಸಲ್ಲುವ ಪ್ರಶ್ನೆ.