ತೆಳ್ಳನೆಯ ಪುಸ್ತಕದ ಕೋಣೆಗಳು: ಮಾಡ್ಯೂಲ್ ರಸಿಕರಿಗೊಂದು ಕೈಪಿಡಿ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಪಾತ್ರಾಭಿನಯದ ಆಟದ ಹವ್ಯಾಸಕ್ಕೆ ಹೊಸದಾಗಿ ಬಂದವರ ಮನೆಗೆ ಹೋದರೆ ಮೊದಲು ಕಪಾಟು ತೋರಿಸುತ್ತಾರೆ. ಗಟ್ಟಿ ರಟ್ಟಿನ ಮುನ್ನೂರು ಪುಟದ ಪುಸ್ತಕಗಳು, ಹೊಳೆಯುವ ಕಾಗದ, ಪುಟ ತಿರುವಿದಲ್ಲೆಲ್ಲ ರೆಕ್ಕೆ ಬಿಚ್ಚಿದ ಡ್ರ್ಯಾಗನ್. ‘ಆರ್ಟ್ ನೋಡಿ ಸಾರ್, ಆರ್ಟ್’ ಎನ್ನುತ್ತಾರೆ. ಆಡಿಸಿದ್ದೀರಾ ಎಂದು ಕೇಳಿದರೆ ಇನ್ನೂ ಓದಿ ಮುಗಿದಿಲ್ಲ ಎಂಬ ಉತ್ತರ ಬರುತ್ತದೆ. ಇನ್ನೊಂದು ಬಗೆಯವರಿದ್ದಾರೆ. ಅಮೆರಿಕದ ಕಂಠದಾನ ಕಲಾವಿದರು ಕ್ಯಾಮೆರಾ ಮುಂದೆ ಕೂತು ಆಡುವುದನ್ನು ಗಂಟೆಗಟ್ಟಲೆ ನೋಡಿ, ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂದರೆ ಚೆನ್ನಾಗಿ ಅಳುವುದು ಮತ್ತು ದನಿ ಬದಲಿಸುವುದು ಎಂದು ತಿಳಿದವರು. ಇಬ್ಬರ ಕಣ್ಣಿಗೂ ಬೀಳದಿರುವುದು ಮೂವತ್ತು ಪುಟದ ಒಂದು ತೆಳ್ಳನೆಯ ಸಾಹಸ ಪುಸ್ತಿಕೆಯ ಕುಸುರಿ. ಆಟಗಾರರು ಅದನ್ನು ಮಾಡ್ಯೂಲ್ ಎನ್ನುತ್ತಾರೆ. ಇಷ್ಟು ಸೊಗಸಾದ ಬರವಣಿಗೆಯ ಪ್ರಕಾರವೊಂದು ಕಣ್ಣೆದುರೇ ಇದ್ದೂ ಓದುಗರಿಲ್ಲದೆ ಉಳಿದಿದೆಯಲ್ಲ ಎಂಬ ಸಿಟ್ಟಿನಿಂದ ಇದನ್ನು ಬರೆಯುತ್ತಿದ್ದೇನೆ. ದಾಳ ಉರುಳಿಸುವುದು ಹೇಗೆ, ಪಾತ್ರ ಕಟ್ಟುವುದು ಹೇಗೆ ಎಂಬುದನ್ನು ಹೇಳಿಕೊಡಲು ಬೇರೆಯವರಿದ್ದಾರೆ.

ಮಾಡ್ಯೂಲನ್ನು ಕಾದಂಬರಿಯಂತೆ ಓದಬಾರದು. ತಾಳಮದ್ದಳೆಯ ಪ್ರಸಂಗದ ಪುಸ್ತಕ ಬಿಡಿಸಿ ಕೂತವರಿಗೆ ಅದರಲ್ಲಿ ಪದ್ಯಗಳಷ್ಟೇ ಸಿಗುತ್ತವೆ. ಕೃಷ್ಣನೂ ಕೌರವನೂ ಆಡುವ ಮಾತು ಅಲ್ಲಿಲ್ಲ, ಅದು ಅರ್ಥಧಾರಿಗಳು ಎದುರುಬದುರು ಕೂತಾಗಲೇ ಹುಟ್ಟಬೇಕು. ಅರ್ಥಕ್ಕೆ ಎಡೆಮಾಡಿಕೊಡುವ ಪ್ರಸಂಗ ಯಾವುದು, ಅರ್ಥಧಾರಿಯ ಕೈಕಟ್ಟುವ ಪ್ರಸಂಗ ಯಾವುದು ಎಂದು ಪುಟ ನೋಡಿಯೇ ಹೇಳಬಲ್ಲ ಹಳೆಯ ರಸಿಕರು ಕರಾವಳಿಯಲ್ಲಿ ಈಗಲೂ ಇದ್ದಾರೆ. ಮಾಡ್ಯೂಲ್ ಓದುಗರಿಗೂ ಅಂಥ ಕಣ್ಣು ಬರಬೇಕು. ಆಟ ನಡೆಸುವ ಡಂಜನ್ ಮಾಸ್ಟರಿಗೆ ಏನು ಕೊಟ್ಟಿದ್ದಾರೆ, ಏನನ್ನು ಬೇಕೆಂದೇ ಬಿಟ್ಟಿದ್ದಾರೆ ಎಂದು ನೋಡಬೇಕು.

ಎಲ್ಲಿಂದ ನೋಡುವುದು? ಮುನ್ನುಡಿಯಿಂದ ಅಲ್ಲ, ಲೋಕದ ಇತಿಹಾಸದಿಂದಂತೂ ಅಲ್ಲ. ಯಾವುದಾದರೂ ಒಂದು ಕೋಣೆಯಿಂದ.

ನಕ್ಷೆಯಲ್ಲಿ ಪ್ರತಿ ಕೋಣೆಗೂ ಒಂದು ನಂಬರು ಇರುತ್ತದೆ. ಒಳಪುಟದಲ್ಲಿ ಅದೇ ನಂಬರಿನಡಿ ನಾಲ್ಕಾರು ಸಾಲಿನ ವಿವರ. ಈ ಪ್ರಕಾರದ ಜೀವ ಇರುವುದೇ ಆ ನಾಲ್ಕಾರು ಸಾಲಿನಲ್ಲಿ. ಉಳಿದದ್ದೆಲ್ಲ ಕೆಟ್ಟಿದ್ದರೂ ಕೋಣೆಗಳು ಚೆನ್ನಾಗಿದ್ದರೆ ಸಂಜೆ ಗೆಲ್ಲುತ್ತದೆ. ಉಳಿದದ್ದೆಲ್ಲ ಚಿನ್ನವಾಗಿದ್ದು ಕೋಣೆಗಳು ಸತ್ತಿದ್ದರೆ ಹತ್ತು ಗಂಟೆಗೇ ಆಟಗಾರರು ಮೊಬೈಲು ತೆಗೆಯುತ್ತಾರೆ.

ನನಗೆ ಇದು ಹೊಳೆದದ್ದು ‘ದಿ ಕೀಪ್ ಆನ್ ದಿ ಬಾರ್ಡರ್‌ಲ್ಯಾಂಡ್ಸ್’ ಆಡಿದಾಗ. ಈ ಆಟದ ಸೃಷ್ಟಿಕರ್ತರಲ್ಲೊಬ್ಬರಾದ ಗ್ಯಾರಿ ಗೈಗ್ಯಾಕ್ಸ್ ಬರೆದದ್ದು, ಆಟಗಾರರ ಬಾಯಲ್ಲಿ ಬರೀ ಬಿ2. 1980ರ ದಶಕದ ಆರಂಭದಲ್ಲಿ ಇದು ಹೊಸ ಆಟಗಾರರಿಗೆಂದು ಮಾರುತ್ತಿದ್ದ ಬೇಸಿಕ್ ಸೆಟ್ಟಿನ ಪೆಟ್ಟಿಗೆಯೊಳಗೇ ಬರುತ್ತಿತ್ತು. ಗಡಿಯಂಚಿನಲ್ಲೊಂದು ಕೋಟೆ, ಹತ್ತಿರದ ಕಮರಿಯ ಗೋಡೆಗಳಲ್ಲಿ ಗವಿಗಳು, ಒಂದೊಂದು ಗವಿಯಲ್ಲಿ ಒಂದೊಂದು ಕುಲ. ಕಥೆ ಎಂಬುದು ಅಷ್ಟೇ. ಅಮೆರಿಕದಲ್ಲಿ ಓದಿ ಬಂದಿದ್ದ ಹಿರಿಯ ಗೆಳೆಯರೊಬ್ಬರು ಬೆಂಗಳೂರಿನ ತಮ್ಮ ಬಾಡಿಗೆ ಮನೆಯಲ್ಲಿ ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ನಮ್ಮನ್ನು ಆಡಿಸಿದರು. ಕೋಟೆಯ ಹೋಟೆಲಿನಲ್ಲಿ ನಮಗೆ ಕೆಲವು ಗಾಳಿಮಾತುಗಳು ಕಿವಿಗೆ ಬಿದ್ದವು. ‘ಬ್ರೀ-ಯಾರ್ಕ್’ ಎಂದರೆ ಗಾಬ್ಲಿನ್ ಎಂಬ ಕುಳ್ಳ ರಾಕ್ಷಸರ ಭಾಷೆಯಲ್ಲಿ ಶರಣಾದೆವು ಎಂದು ಅವುಗಳಲ್ಲೊಂದು. ಸರಿ, ಗವಿಗೆ ನುಗ್ಗಿದೆವು. ಕಾವಲು ಕೋಣೆಯಲ್ಲಿದ್ದ ಗಾಬ್ಲಿನ್ನರು ನಮ್ಮನ್ನು ಕಂಡಕೂಡಲೇ ‘ಬ್ರೀ-ಯಾರ್ಕ್’ ಎಂದು ಕೂಗಿಕೊಂಡರು. ಕಳ್ಳನ ಪಾತ್ರ ವಹಿಸಿದ್ದ ಗೆಳತಿ ‘ಶರಣಾಗ್ತಿದಾರೆ, ಯಾರೂ ಹೊಡೀಬೇಡಿ’ ಎಂದಳು. ನಾವು ಕತ್ತಿ ಇಳಿಸಿದೆವು. ಪಕ್ಕದ ಗೋಡೆಯಲ್ಲಿ ಗುಪ್ತ ಬಾಗಿಲೊಂದು ತೆರೆದು ಓಗರ್ ಎಂಬ ರಾಕ್ಷಸ ಒಳಗೆ ಬಂದ.

ಆಮೇಲೆ ಪುಸ್ತಿಕೆ ಇಸಿದುಕೊಂಡು ಆ ಪುಟ ಓದಿದೆ. ಕೆಲವೇ ಸಾಲು. ಪಕ್ಕದ ಗವಿಯಲ್ಲಿ ಓಗರ್ ಇದ್ದಾನೆ, ಅಪಾಯ ಬಂದರೆ ಗಾಬ್ಲಿನ್ನರು ಆ ಕೂಗು ಹಾಕಿ ಹಣದ ಚೀಲವೊಂದನ್ನು ಗುಪ್ತ ಬಾಗಿಲಿನಿಂದ ಅವನತ್ತ ಎಸೆಯುತ್ತಾರೆ, ಅವನು ಸಹಾಯಕ್ಕೆ ಬರುತ್ತಾನೆ. ಆ ಕೂಗು ಸಹಾಯಕ್ಕೆ ಕರೆಯುವ ಕೂಗು. ಗಾಳಿಮಾತುಗಳ ಪಟ್ಟಿಯಲ್ಲಿ ಆ ಮಾತು ಸುಳ್ಳು ಎಂದು ಆಟ ನಡೆಸುವವರಿಗೆ ಮಾತ್ರ ಗುರುತು ಮಾಡಿದ್ದಾರೆ. ಎಷ್ಟೋ ಪುಟಗಳ ಅಂತರದಲ್ಲಿ ಕೂತಿರುವ ಎರಡು ಸಣ್ಣ ವಿವರಗಳು ಒಂದನ್ನೊಂದು ಹುಡುಕಿಕೊಂಡು ಬಂದು, ನಾವು ಆರು ಜನ ಮೇಜಿನ ಸುತ್ತ ಎದ್ದುನಿಲ್ಲುವಂತೆ ಮಾಡಿದ್ದವು. ಹೀಗೇ ಆಗಲೇಬೇಕು ಎಂದು ಪುಸ್ತಿಕೆ ಎಲ್ಲೂ ಹೇಳಿಲ್ಲ. ಆ ಗಾಳಿಮಾತು ನಮ್ಮ ಕಿವಿಗೆ ಬೀಳದೆ ಹೋಗಿದ್ದರೆ ಬೇರೆಯದೇ ಸಂಜೆ. ಓಗರನ ಗವಿಯನ್ನು ಮೊದಲು ಹೊಕ್ಕಿದ್ದರೆ, ಅವನಿಗೆ ಹೆಚ್ಚು ಹಣ ಕೊಟ್ಟು ನಮ್ಮ ಕಡೆ ಮಾಡಿಕೊಂಡಿದ್ದರೆ, ಮತ್ತೊಂದು. ಅಂದಿನಿಂದ ನಾನು ಮಾಡ್ಯೂಲ್ ಓದುವ ರೀತಿಯೇ ಬದಲಾಯಿತು.

ಹಾಗಾಗಿ ಒಂದು ಕೋಣೆಯನ್ನು ತೂಗುವಾಗ ಅದರೊಳಗೆ ಇರುವವರಿಗೆ ಏನು ಬೇಕಾಗಿದೆ ಎಂದು ಮೊದಲು ಹುಡುಕಿ. ‘ಇಲ್ಲಿ ಆರು ಜನ ಗಾಬ್ಲಿನ್ನರಿದ್ದಾರೆ’ ಎಂದು ಬರೆದು ಕೈತೊಳೆದುಕೊಂಡ ಲೇಖಕ ಸೋಮಾರಿ. ಇಲ್ಲಿ ಸದ್ದಾದರೆ ಪಕ್ಕದವರು ಏನು ಮಾಡುತ್ತಾರೆ ಎಂಬುದನ್ನೂ ನೋಡಿ, ಗೋಡೆಯಾಚೆಗಿನ ಪ್ರಪಂಚಕ್ಕೆ ಕಿವುಡಾದ ಕೋಣೆ ಸತ್ತ ಕೋಣೆ. ಇನ್ನು ಎಲ್ಲಕ್ಕಿಂತ ಮುಖ್ಯವಾಗಿ ಆಟಗಾರರಿಗೆ ಕೈಹಾಕಲು ಏನಿದೆ? ಎಳೆಯಲು, ಸುಡಲು, ಕದಿಯಲು, ಕೊಂಡುಕೊಳ್ಳಲು, ಮಾತನಾಡಿಸಲು? ಇತ್ತೀಚೆಗೆ ದುಬಾರಿ ಪುಸ್ತಕವೊಂದನ್ನು ಆಡಿಸಲು ಹೊರಟಿದ್ದೆ. ಒಂದು ಸಮಾಧಿ ಕೋಣೆಗೆ ಮೂರು ಪ್ಯಾರಾ. ಅದನ್ನು ಕಟ್ಟಿಸಿದ ರಾಣಿ ಯಾರು, ಅವಳ ತಮ್ಮ ಮೋಸ ಮಾಡಿದ್ದು ಹೇಗೆ, ಶಿಲ್ಪಿಯ ಶಾಪವೇನು. ಇದರಲ್ಲಿ ಒಂದಂಶವೂ ಆಟಗಾರರಿಗೆ ತಿಳಿಯುವ ದಾರಿಯಿಲ್ಲ. ಕೋಣೆಯಲ್ಲಿ ಶಾಸನವಿಲ್ಲ, ಪ್ರೇತವಿಲ್ಲ, ಹೇಳುವವರೇ ಇಲ್ಲ. ಬಂದವರು ಪೆಟ್ಟಿಗೆ ತೆರೆದು ನಾಣ್ಯ ಎಣಿಸಿಕೊಂಡು ಹೊರಟುಹೋದರು. ಆ ಪುಸ್ತಕಕ್ಕೆ ಹೊಗಳಿಕೆಯ ಮಳೆಯೇ ಸುರಿದಿದೆ, ಹೊಗಳಿದವರು ಓದಿದ್ದರೇ ಹೊರತು ಆಡಿಸಿರಲಿಲ್ಲ.

ಚೌಕಟ್ಟಿನೊಳಗೆ ಅಚ್ಚುಹಾಕಿ ‘ಇದನ್ನು ಗಟ್ಟಿಯಾಗಿ ಓದಿ’ ಎಂದು ಕೊಡುವ ವರ್ಣನೆಯ ಬಗ್ಗೆಯೂ ಹೇಳಿಬಿಡಬೇಕು. ಜನಕ್ಕೆ ಇದು ಬಲು ಇಷ್ಟ. ನನಗೆ ಇದರಷ್ಟು ಕೇಡು ಮಾಡಿದ ರೂಢಿ ಇನ್ನೊಂದಿಲ್ಲ. ನಾಲ್ಕನೆಯ ವಾಕ್ಯಕ್ಕೆ ಕೇಳುಗರ ಗಮನ ಜಾರುತ್ತದೆ, ಐದನೆಯದರಲ್ಲಿ ‘ನಿಮ್ಮ ಬೆನ್ನುಹುರಿಯಲ್ಲಿ ನಡುಕ ಹುಟ್ಟುತ್ತದೆ’ ಎಂದಿರುತ್ತದೆ. ನನ್ನ ಪಾತ್ರಕ್ಕೆ ನಡುಕ ಹುಟ್ಟಿತೋ ಇಲ್ಲವೋ ಹೇಳಬೇಕಾದವನು ನಾನು. ಗೈಗ್ಯಾಕ್ಸ್ ‘ಟೂಂಬ್ ಆಫ್ ಹಾರರ್ಸ್’ನಲ್ಲಿ ಎಷ್ಟು ಘನವಾದ ದಾರಿ ಹಿಡಿದರು ನೋಡಿ. ಆಟಗಾರರ ಮುಂದೆ ಹಿಡಿದು ತೋರಿಸಲೆಂದೇ ಚಿತ್ರಗಳ ಪ್ರತ್ಯೇಕ ಪುಸ್ತಿಕೆಯನ್ನು ಜೊತೆಗಿಟ್ಟರು. ಓಣಿಯ ಕೊನೆಯಲ್ಲಿ ಹಸಿರು ದೆವ್ವದ ಮುಖ, ಅಗಲಕ್ಕೆ ತೆರೆದ ಬಾಯಿ, ಒಳಗೆ ಬರೀ ಕತ್ತಲು. ಆ ಬಾಯೊಳಗೆ ಹೋದದ್ದು ಯಾವುದೂ ಉಳಿಯುವುದಿಲ್ಲ. ನಾನು ಅದನ್ನು ಆಡಿಸಿದ ರಾತ್ರಿ ಬಾಯಿ ತೆರೆದು ವರ್ಣಿಸಲಿಲ್ಲ, ಚಿತ್ರ ಮೇಜಿನ ಮೇಲಿಟ್ಟು ಸುಮ್ಮನೆ ಕೂತೆ. ಒಬ್ಬ ಉದ್ದದ ಕೋಲನ್ನು ಒಳಗೆ ತೂರಿಸಿ ಹೊರಗೆಳೆದ, ತುದಿ ಇರಲಿಲ್ಲ. ಆ ಕ್ಷಣಕ್ಕೆ ನನ್ನಿಂದ ಒಂದು ವಿಶೇಷಣವೂ ಬೇಕಾಗಲಿಲ್ಲ.

ಇನ್ನು ತಿದ್ದುವ ಕೆಲಸ. ಒಳ್ಳೆಯ ಕೋಣೆಗಳು ಬರವಣಿಗೆಯ ಮೇಜಿನ ಮೇಲೆ ಹುಟ್ಟುವುದಿಲ್ಲ, ಆಡಿ ಆಡಿ ಸವೆದು ನುಣುಪಾಗುತ್ತವೆ. ‘ಟೂಂಬ್ ಆಫ್ ಹಾರರ್ಸ್’ ಅಚ್ಚಾದದ್ದು 1978ರಲ್ಲಿ, ಆದರೆ 1975ರಲ್ಲೇ ಆರಿಜಿನ್ಸ್ ಎಂಬ ಆಟಗಾರರ ಸಮಾವೇಶದ ಸ್ಪರ್ಧೆಯಲ್ಲಿ ಅದನ್ನು ಆಡಿಸಿದ್ದರು. ಟ್ರೇಸಿ ಮತ್ತು ಲಾರಾ ಹಿಕ್‌ಮನ್ ದಂಪತಿ ‘ರೇವನ್‌ಲಾಫ್ಟ್’ಅನ್ನು ವರ್ಷವರ್ಷವೂ ಹ್ಯಾಲೊವೀನ್ ರಾತ್ರಿ ಗೆಳೆಯರಿಗೆ ಆಡಿಸುತ್ತಿದ್ದರು, ಅದು ಪುಸ್ತಕವಾದದ್ದು 1983ರಲ್ಲಿ. ಅದಕ್ಕೂ ಮೊದಲು ‘ಫೇರೋ’ ಎಂಬ ಮಾಡ್ಯೂಲನ್ನು ತಾವೇ ಅಚ್ಚುಹಾಕಿಸಿ ಮಾರಿದ ಅನುಭವವೂ ಅವರಿಗಿತ್ತು. ‘ರೇವನ್‌ಲಾಫ್ಟ್’ನಲ್ಲಿ ಜಿಪ್ಸಿ ಮುದುಕಿಯೊಬ್ಬಳು ಇಸ್ಪೀಟಿನ ಎಲೆಗಳಿಂದ ಭವಿಷ್ಯ ಹೇಳುತ್ತಾಳೆ. ಆ ಎಲೆಗಳು ಬಿದ್ದಂತೆ ಮುಖ್ಯ ವಸ್ತುಗಳು ಕೋಟೆಯ ಯಾವ ಕೋಣೆಯಲ್ಲಿವೆ, ರಕ್ತಪಿಶಾಚಿ ಸ್ಟ್ರಾಡ್‌ನ ಉದ್ದೇಶವೇನು ಎಂಬುದೆಲ್ಲ ಬದಲಾಗುತ್ತದೆ. ಅದೇ ಗೆಳೆಯರಿಗೆ ಮತ್ತೆ ಮತ್ತೆ ಆಡಿಸುವವರಿಗೆ ಮಾತ್ರ ಹೊಳೆಯುವ ಯುಕ್ತಿ ಅದು. 2016ರಲ್ಲಿ ಇದನ್ನೇ ಹಿಗ್ಗಿಸಿ ‘ಕರ್ಸ್ ಆಫ್ ಸ್ಟ್ರಾಡ್’ ಮಾಡಿದಾಗಲೂ ಆ ಎಲೆಗಳನ್ನು ಬಿಡಲಿಲ್ಲ.

ನಿಯಮದ ಪೂರಕ ಪುಸ್ತಕಗಳಿಗೂ ಇದೇ ಮಾತು. ಕಳ್ಳನ ಪಾತ್ರ ಮೂಲ ಆಟದಲ್ಲಿ ಇರಲಿಲ್ಲ. ಕ್ಯಾಲಿಫೋರ್ನಿಯಾದ ಆಟಗಾರರು ತಮ್ಮಲ್ಲೇ ರೂಪಿಸಿಕೊಂಡಿದ್ದು ಫೋನಿನಲ್ಲಿ ಗೈಗ್ಯಾಕ್ಸ್ ಕಿವಿಗೆ ಬಿತ್ತು. ಅವರು ಅದನ್ನು ತಿದ್ದಿ ಒಂದು ಸಣ್ಣ ಪತ್ರಿಕೆಯಲ್ಲಿ ಹಾಕಿದರು, ಕಡೆಗೆ 1975ರ ‘ಗ್ರೇಹಾಕ್’ ಪೂರಕದಲ್ಲಿ ಅದು ನೆಲೆನಿಂತಿತು. ಬಾಲ್ಡರ್ಸ್ ಗೇಟ್ 3 ವಿಡಿಯೋ ಗೇಮಿನಿಂದ ಈ ಕಡೆ ಬಂದ ಹುಡುಗರು ಗಿತ್‌ಯಾಂಕಿ ಯೋಧೆ ಲೇಜೆಲ್‌ಳನ್ನು ಬಲ್ಲರು. ಆ ಕುಲವನ್ನು ಸೃಷ್ಟಿಸಿದ್ದು ಚಾರ್ಲ್ಸ್ ಸ್ಟ್ರಾಸ್. ಮುಂದೆ ವೈಜ್ಞಾನಿಕ ಕಾದಂಬರಿಕಾರರಾಗಿ ಹೆಸರಾದ ಅವರು ಆಗ ಇನ್ನೂ ಹುಡುಗ, ಬ್ರಿಟನ್ನಿನ ‘ವೈಟ್ ಡ್ವಾರ್ಫ್’ ಪತ್ರಿಕೆಗೆ ಬರೆದು ಕಳಿಸಿದ್ದರು. ಡಾನ್ ಟರ್ನ್‌ಬುಲ್ ಸಂಪಾದಿಸಿದ 1981ರ ‘ಫೀಂಡ್ ಫೋಲಿಯೊ’ ಎಂಬ ವಿಚಿತ್ರ ಜೀವಿಗಳ ಸಂಕಲನಕ್ಕೆ ಅದು ಸೇರಿತು. ಓದುಗರು ಕಳಿಸಿದ್ದನ್ನು ಸಂಪಾದಕರು ಸೋಸಿದ ಪುಸ್ತಕ ಅದು, ಅಲ್ಲಿ ಜೊಳ್ಳೂ ಇದೆ, ಕಾಳೂ ಇದೆ.

ಈಗಿನವರಲ್ಲಿ ನನಗೆ ಕೊರತೆ ಕಾಣುವುದು ಇಲ್ಲೇ. ಲೇಖಕ ತಾನೇ ಆಡಿಸಿ ನೋಡಿದರೆ ಸಾಲದು. ತನ್ನ ಪುಟದಲ್ಲಿ ಇಲ್ಲದ್ದನ್ನು ಅವನು ತಲೆಯಿಂದ ತುಂಬಿಕೊಳ್ಳುತ್ತಾನೆ. ಪರಿಚಯವಿಲ್ಲದ ಯಾರೋ, ಇನ್ನೊಂದು ಊರಿನಲ್ಲಿ, ಲೇಖಕನಿಗೆ ಫೋನು ಮಾಡದೆ ಆಡಿಸಬೇಕು. ಬಾಗಿಲು ಯಾವ ಕಡೆ ತೆರೆಯುತ್ತದೆ, ನಕ್ಷೆಯಲ್ಲಿರುವ ಹನ್ನೆರಡನೆಯ ಕೋಣೆಯ ವಿವರ ಎಲ್ಲಿ ಹೋಯಿತು, ಒತ್ತೆಯಾಳಾದ ವ್ಯಾಪಾರಿ ಬಿಡುಗಡೆಯಾದ ಮೇಲೆ ಏನು ಹೇಳುತ್ತಾನೆ, ಇಂಥ ಪ್ರಶ್ನೆಗಳು ಆಗಲೇ ಏಳುವುದು. ಹಾಗೆ ಸೋಸಿ ಬಂದ ಪುಸ್ತಕವನ್ನು ಪುಟದಲ್ಲೇ ಗುರುತಿಸಬಹುದು. ಆಟಗಾರರು ಕೇಳಬಹುದಾದ ಪ್ರಶ್ನೆಗೆ ಉತ್ತರ ಅದೇ ಕೋಣೆಯಲ್ಲಿ ಸಿಗುತ್ತದೆ, ಯಾರೂ ಕೇಳದ ಪ್ರಶ್ನೆಗೆ ಉತ್ತರ ಎಲ್ಲೂ ಇರುವುದಿಲ್ಲ.

ನಕ್ಷೆಯ ಬಗ್ಗೆ ಒಂದೇ ಮಾತು. ಜೆನೆಲ್ ಜಾಕ್ವೇಸ್ 1979ರಲ್ಲಿ ಜಡ್ಜಸ್ ಗಿಲ್ಡ್ ಪ್ರಕಾಶನಕ್ಕಾಗಿ ಮಾಡಿದ ‘ಕ್ಯಾವರ್ನ್ಸ್ ಆಫ್ ತ್ರೇಸಿಯಾ’ ನೋಡಿ. ಒಳಹೋಗಲು ಹಲವು ದಾರಿ, ಸುತ್ತಿ ಬಂದು ಕೂಡುವ ಓಣಿಗಳು, ಅಂತಸ್ತುಗಳ ನಡುವೆ ಕಣ್ಣಿಗೆ ಬೀಳದ ಇಳಿಜಾರುಗಳು. ಎರಡು ಗುಂಪುಗಳಿಗೆ ಇದನ್ನು ಆಡಿಸಿದ್ದೇನೆ, ಆ ಎರಡೂ ಗುಂಪಿನವರು ಒಂದೇ ಜಾಗಕ್ಕೆ ಹೋಗಿಬಂದವರೆಂದು ಅವರ ಮಾತು ಕೇಳಿದವರು ನಂಬಲಾರರು. ಕೋಣೆಯಿಂದ ಕೋಣೆಗೆ ಒಂದೇ ಗೆರೆಯಲ್ಲಿ ಸಾಗುವ ಈಚಿನ ನಕ್ಷೆಗಳು ಬಣ್ಣದಲ್ಲಿ ಎಷ್ಟೇ ಚೆಂದವಿದ್ದರೂ ಅಲ್ಲಿ ಆಟಗಾರರಿಗೆ ಆಯ್ಕೆ ಮಾಡಲು ಏನೂ ಇಲ್ಲ.

ಪುಟವಿನ್ಯಾಸದಲ್ಲಿ ಮಾತ್ರ ಹೊಸಬರು ಹಳಬರನ್ನು ಮೀರಿಸಿದ್ದಾರೆ. ಗ್ಯಾವಿನ್ ನಾರ್ಮನ್‌ರ ‘ಓಲ್ಡ್-ಸ್ಕೂಲ್ ಎಸೆನ್ಷಿಯಲ್ಸ್’ ನಿಯಮಾವಳಿಗೆ ಬಂದ ಸಾಹಸಗಳಲ್ಲಿ ಕಣ್ಣಿಗೆ ಮೊದಲು ಕಾಣುವ ವಸ್ತು ದಪ್ಪಕ್ಷರದಲ್ಲಿ, ಅದರ ಗುಣ ಪಕ್ಕದಲ್ಲೇ ಎರಡು ಮೂರು ಪದದಲ್ಲಿ, ಮುಟ್ಟಿದರೆ ಏನಾಗುತ್ತದೆ ಎಂಬುದು ಕೆಳಗೆ. ಗೈಗ್ಯಾಕ್ಸ್‌ರ ದಟ್ಟ ಪ್ಯಾರಾಗಳಲ್ಲಿ ಹುಡುಕಾಡಿ ಆಟ ನಿಲ್ಲಿಸಿದವರಿಗೆ ಇದರ ಬೆಲೆ ಗೊತ್ತು. ಇಂಥ ಹೊಸಬರು ಬರಲು ದಾರಿಯೂ ಆಗಿದೆ. ಆಟದ ನಿಯಮಗಳಿಗೆ 2000ದಲ್ಲಿ ಬಂದ ಮುಕ್ತ ಪರವಾನಗಿ, 2023ರಲ್ಲಿ ಐದನೆಯ ಆವೃತ್ತಿಯ ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಅಡಿಯಲ್ಲಿ ಬಿಟ್ಟುಕೊಟ್ಟದ್ದು, ಇವುಗಳಿಂದಾಗಿ ಈಗ ಯಾರು ಬೇಕಾದರೂ ಮನೆಯಲ್ಲೇ ಕೂತು ಪೂರಕ ಪುಸ್ತಕ ಪ್ರಕಟಿಸಬಹುದು. ಶಿವಮೊಗ್ಗದಲ್ಲಿ ಕೂತವರಿಗೂ ಆ ಅವಕಾಶ ಅಷ್ಟೇ ಇದೆ.

ಬರೆಯುವ ಆಸೆಯಿರುವವರು ಮೈಕ್ ಕಾರ್ ಬರೆದ ಬಿ1, ‘ಇನ್ ಸರ್ಚ್ ಆಫ್ ದಿ ಅನ್‌ನೋನ್’, ತೆಗೆದುಕೊಳ್ಳಿ. ಅದರಲ್ಲಿ ಕೋಣೆಗಳ ವರ್ಣನೆಯಿದೆ. ಯಾವ ಕೋಣೆಯಲ್ಲಿ ಯಾವ ಜೀವಿ, ಯಾವ ನಿಧಿ ಎಂಬ ಜಾಗವನ್ನು ಖಾಲಿ ಬಿಟ್ಟು, ಕೊನೆಯಲ್ಲಿ ಪಟ್ಟಿ ಕೊಟ್ಟು, ನೀವೇ ತುಂಬಿ ಎಂದಿದ್ದಾರೆ. ಪೆನ್ಸಿಲು ಹಿಡಿದು ತುಂಬಿ. ಓದುವ ಆಸೆ ಮಾತ್ರ ಇರುವವರು ಬಿ2ರಿಂದ ಶುರುಮಾಡಿ, ಹಣ ಕೊಟ್ಟರೆ ಇಂದಿಗೂ ಪಿಡಿಎಫ್ ಸಿಗುತ್ತದೆ. ಆದರೆ ನಾಲ್ಕು ಜನರನ್ನು ಕೂಡಿಸಿ ಒಂದು ಸಂಜೆ ಆಡಿಸುವವರೆಗೂ ಯಾವ ಮಾಡ್ಯೂಲಿನ ಬಗ್ಗೆಯೂ ಒಳ್ಳೆಯದು ಕೆಟ್ಟದ್ದು ಎಂದು ತೀರ್ಪು ಕೊಡಬೇಡಿ. ಆಡಿಸಿದ ಮೇಲೆ, ಆಟ ಎಲ್ಲಿ ತಡವರಿಸಿತು ಎಂದು ಅದನ್ನು ಬರೆದವರಿಗೆ ಎರಡು ಸಾಲು ಬರೆದು ಕಳಿಸಿ. ಮುಂದಿನ ಮುದ್ರಣವನ್ನು ಅವರು ತಿದ್ದುವುದು ಅಂಥ ಪತ್ರಗಳನ್ನು ಎದುರಿಗಿಟ್ಟುಕೊಂಡೇ.