ಮುದುಮಲೆಯ ಸುತ್ತಳತೆಯೂ ನಮ್ಮ ಗಿಡ ನೆಡುವ ಹುರುಪೂ

ಬೆಂಗಳೂರಿನ ಬನಶಂಕರಿ, ಜೆ.ಪಿ. ನಗರದ ಕಡೆ ಪರಿಸರದ ಮಾತೆತ್ತಿದರೆ ನೆಟ್ಟ ಸಸಿಗಳ ಲೆಕ್ಕ ಕೇಳಿಸುತ್ತದೆ. ಮರ ಎಷ್ಟು ಬೆಳೆಯಿತು, ಯಾಕೆ ಬೆಳೆಯಿತು ಎಂದು ವರ್ಷಗಟ್ಟಲೆ ಅಳೆದವರನ್ನು ಓದಿದವರು ವಿರಳ. ನಾಥ್, ದತ್ತರಾಜ, ಸುರೇಶ್, ಜೋಶಿ, ಸುಕುಮಾರ್ 2006ರಲ್ಲಿ ‘ಜರ್ನಲ್ ಆಫ್ ಬಯೋಸೈನ್ಸಸ್’ನಲ್ಲಿ ಪ್ರಕಟಿಸಿದ ಮುದುಮಲೆಯ ಅಧ್ಯಯನಕ್ಕೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ.

ಬಂಡೀಪುರಕ್ಕೆ ಅಂಟಿಕೊಂಡ ಆ ಕಾಡಿನ 50 ಹೆಕ್ಟೇರ್‌ ತಾಣದ ಮರಗಳ 1988ರಿಂದ 2000ದವರೆಗಿನ ಬೆಳವಣಿಗೆಯನ್ನು ನಾಲ್ಕು ನಾಲ್ಕು ವರ್ಷದ ಮೂರು ಅವಧಿಗಳಲ್ಲಿ ನೋಡಿದ್ದಾರೆ. ಮಳೆ ತೀರಾ ಕಡಿಮೆಯಾದ ನಡುವಿನ ಅವಧಿಯಲ್ಲೇ ಹೆಚ್ಚಿನ ಮರಗಳ ಬೆಳವಣಿಗೆ ಕುಗ್ಗಿತು. ಅದು ನಿರೀಕ್ಷಿತ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ: ಮರದ ಗಾತ್ರ ಬೆಳವಣಿಗೆಯ ವ್ಯತ್ಯಾಸದಲ್ಲಿ ಸಾಮಾನ್ಯವಾಗಿ ಶೇ. 10ನ್ನೂ ವಿವರಿಸುವುದಿಲ್ಲ; ಜಾತಿ ಹೆಚ್ಚೆಂದರೆ ಶೇ. 16. ಒಂದೇ ಜಾತಿಯ ಮರಗಳ ನಡುವೆಯೇ ಅಂತರ ದೊಡ್ಡದು. ಹೀಗಿರುವಾಗ ಒಂದು ಮರದ ಸುತ್ತಳತೆ ನೋಡಿ ಅದರ ಮುಂದಿನ ಹತ್ತು ವರ್ಷವನ್ನು ಹೇಳಿಬಿಡುವವರ ಕೋಷ್ಟಕಗಳನ್ನು ನಂಬುವುದು ಹೇಗೆ? ಬೆಳವಣಿಗೆಯ ಏರಿಳಿತದಿಂದ ಮರಗಳ ಮುಂದಿನ ಉಳಿವು ಸಾಮಾನ್ಯವಾಗಿ ಕುಗ್ಗಲಿಲ್ಲ ಎಂಬುದೂ ಅಷ್ಟೇ ಮುಖ್ಯ. ಒಣನಾಡಿನ ಮರ ಬರಗಾಲದಲ್ಲಿ ತಡೆದುಕೊಂಡು ನಿಲ್ಲುತ್ತದೆ.

ನನ್ನ ತಕರಾರು ಅಳತೆಯ ಟೇಪಿನ ಬಗ್ಗೆ. ಎದೆಯೆತ್ತರದಲ್ಲಿ, ಅಂದರೆ 1.3 ಮೀಟರಿನಲ್ಲಿ, ಅಳೆಯುವುದು ರೂಢಿ. ಬೇಸಿಗೆಯಲ್ಲಿ ತೊಗಟೆಯ ನೀರು ಇಳಿದರೆ ಸುತ್ತಳತೆಯೂ ತುಸು ಇಳಿಯುತ್ತದೆ. ಕಿಚ್ಚಿಗೆ ತೊಗಟೆ ಸುಟ್ಟುದುರಿದರೂ ಹಾಗೆಯೇ. ಮೇಲೆಲ್ಲ ಸುಟ್ಟು, ಬೇರಿನಿಂದ ಮತ್ತೆ ಚಿಗುರುವ ಗಿಡ ವರ್ಷಗಟ್ಟಲೆ ಎದೆಯೆತ್ತರಕ್ಕೆ ಬರದಿರಬಹುದು. ಈ ಅಧ್ಯಯನ ತೂಗಿದ್ದು ಮಳೆ, ಗಾತ್ರ, ಜಾತಿ ಮತ್ತು ಮರದ ಬಗೆಯನ್ನು. ಮರದ ಬುಡದಲ್ಲಿ ಬೆಳೆದು ಬೇಸಿಗೆಯಲ್ಲಿ ಕಿಚ್ಚಿಗೆ ಮೇವಾಗುವ ಹುಲ್ಲು ತಕ್ಕಡಿಯ ಹೊರಗೇ ಉಳಿಯಿತು. ಪರಿಸರ ವಿಜ್ಞಾನಿ ಜಯಶ್ರೀ ರತ್ನಂ ಮತ್ತು ಸಂಗಡಿಗರು 2011ರಲ್ಲಿ ಮರಗಳ ನಡುವೆ ಹುಲ್ಲು ಹಬ್ಬಿದ ಸವನ್ನಾ ನೆಲವನ್ನು ಕಾಡೆಂದು ಎಣಿಸಿದರೆ ನಿರ್ವಹಣೆಯೇ ತಪ್ಪುತ್ತದೆ ಎಂದು ವಾದಿಸಿದ್ದು ಈ ಕೊರತೆಯನ್ನು ಎತ್ತಿ ತೋರಿಸುತ್ತದೆ.

ಹಾಗೆಂದು ‘ಒಂದೇ ತಾಣದ ಲೆಕ್ಕ’ ಎಂದು ಇದನ್ನು ಬದಿಗೆ ಸರಿಸುವ ವಿಮರ್ಶಕರ ಜತೆ ನಾನಿಲ್ಲ. ಅವರ ಕೈಯಲ್ಲಿ ಇದಕ್ಕಿಂತ ದೀರ್ಘವಾದ ಅಳತೆ ಎಲ್ಲಿದೆ? ಒಂದು ಮಳೆಗಾಲದ ಸಮೀಕ್ಷೆ ಹಿಡಿದು ಸಾರ್ವತ್ರಿಕ ಮಾತಾಡುವವರು ಹನ್ನೆರಡು ವರ್ಷದ ಅಳತೆಯನ್ನು ಸಣ್ಣದೆನ್ನುವುದು ಸರಿಯಲ್ಲ. ನಮ್ಮ ಗಿಡ ನೆಡುವ ಹುರುಪಿಗೂ ಈ ಪಾಠ ಬೇಕು. ಬನಶಂಕರಿಯಾಚೆಯ ತುರಹಳ್ಳಿ ಕಾಡಿನಲ್ಲಿ 2021ರಲ್ಲಿ ಟ್ರೀ ಪಾರ್ಕ್ ಯೋಜನೆಯನ್ನು ಜನ ವಿರೋಧಿಸಿದರು. ಕುರುಚಲು, ಬಂಡೆ, ಹುಲ್ಲಿನ ಆ ನೆಲದಲ್ಲಿ ಇನ್ನೊಂದು ಸಸಿ ನೆಡುವ ಮೊದಲು ಅಲ್ಲಿರುವ ಮರಗಳನ್ನೂ ಹುಲ್ಲನ್ನೂ ಅಳೆಯಲು ಶುರು ಮಾಡಿ.